ಬೆಳಗಿನ ಒಂಬತ್ತರ ಓಣಿ ಕಂಪ್ಯೂಟರಿನಲ್ಲಿ ಏಕೆ ಓಣಿಯಂತೆ ಕಾಣುತ್ತಿಲ್ಲ?

ನಕ್ಷೆಗಾರ, ಹುಬ್ಬಳ್ಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಕೆಲಸದಲ್ಲಿ ನಾನು ಹದಿನಾರು ವರ್ಷಗಳಿಂದ ಇದ್ದೇನೆ. ಕಟ್ಟಲಿರುವ ಮನೆಯ ಎಲಿವೇಶನ್ (ಹೊರನೋಟದ) ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಿ ಮಾಲೀಕರಿಗೆ ತೋರಿಸುವುದು ನನಗೆ ರೂಢಿಯಾದ ಕೆಲಸ. ಅಲ್ಲಿ ಎಲ್ಲವೂ ಹೊಸದಾಗಿ ಹೊಳೆಯುತ್ತಿದ್ದರೆ ಯಾರೂ ತಕರಾರು ಮಾಡುವುದಿಲ್ಲ. ಈಗ ಗೆಳೆಯರೊಬ್ಬರ ಕಿರುಚಿತ್ರಕ್ಕಾಗಿ 40 ಸೆಕೆಂಡುಗಳ ಒಂದು ದೃಶ್ಯವನ್ನು ಮಾಡಿಕೊಡಲು ಒಪ್ಪಿಕೊಂಡು ಮೂರು ತಿಂಗಳಿನಿಂದ ಅದರಲ್ಲೇ ಸಿಕ್ಕಿಕೊಂಡಿದ್ದೇನೆ.

1995ರ ಜನವರಿ, ಬೆಳಗಿನ ಒಂಬತ್ತು ಗಂಟೆ, ದುರ್ಗದಬೈಲಿನ ಆಸುಪಾಸಿನಲ್ಲಿ ಇರಬಹುದಾದಂತಹ ಒಂದು ಓಣಿ. ಓಣಿಯು ದಕ್ಷಿಣೋತ್ತರವಾಗಿದೆ, ಅಗಲ 13 ಅಡಿ, ಎರಡೂ ಬದಿಯ ಗೋಡೆಗಳ ಎತ್ತರ ಸುಮಾರು 20 ಅಡಿ. ಹಂಚಿನ ಮನೆಗಳು, ಚಪ್ಪಟೆ ಛಾವಣಿಯ ಮಾಳಿಗೆ ಮನೆಗಳು ಎರಡು, ಒಂದು ಕಿರಾಣಿ ಅಂಗಡಿ, ಚಹಾದ ಅಂಗಡಿ, ಒಂದು ಎಸ್‌ಟಿಡಿ ಬೂತ್, ನಿಂತಿರುವ ಒಂದು ಆಟೋ, ಎರಡು ಕಡೆಯೂ ತೆರೆದ ಗಟಾರ, ಪ್ರತಿ ಬಾಗಿಲಿನ ಮುಂದೆ ಗಟಾರದ ಮೇಲೆ ಹಾಸುಗಲ್ಲು. ಕ್ಯಾಮೆರಾ ಓಣಿಯ ತುದಿಯಿಂದ ನಿಧಾನವಾಗಿ ನಡೆದು ಬರುತ್ತದೆ.

ಮಾದರಿಯನ್ನು ನನ್ನ ನಕ್ಷೆಯ ತಂತ್ರಾಂಶದಲ್ಲಿಯೇ ಕಟ್ಟಿ, ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರಗಳ ತಂತ್ರಾಂಶಕ್ಕೆ ತಂದು, ಅದರ ಚಿತ್ರ ತೆಗೆಯುವ ಭಾಗವಾದ ಸೈಕಲ್ಸ್‌ನಲ್ಲಿ ರೆಂಡರ್ ಮಾಡುತ್ತಿದ್ದೇನೆ. ಸೆಕೆಂಡಿಗೆ 25ರಂತೆ 1,000 ಫ್ರೇಮುಗಳಾಗುತ್ತವೆ. ಒಂದಕ್ಕೆ 6 ನಿಮಿಷ ಹಿಡಿದರೆ 100 ಗಂಟೆ ಬೇಕಾಗುತ್ತದೆಂದು ಡಿಫ್ಯೂಸ್ ಬೌನ್ಸ್ ಅನ್ನು (ಬೆಳಕು ಗೋಡೆ, ನೆಲಗಳಿಂದ ಎಷ್ಟು ಸಲ ಪುಟಿಯಬೇಕೆಂಬ ಲೆಕ್ಕವನ್ನು) 1ಕ್ಕೆ ಇಳಿಸಿದೆ. ಆಗ ನೆರಳುಗಳು ಕಗ್ಗತ್ತಲಾದವು. ಅದಕ್ಕೆ ಪರಿಹಾರವಾಗಿ ಓಣಿಯ ಮೇಲೆ ಏರಿಯಾ ಲೈಟ್ ಎಂಬ ಮೂರು ಅಗಲವಾದ ಕೃತಕ ದೀಪಗಳನ್ನು ತೂಗಿಬಿಟ್ಟೆ. ಬಿಸಿಲು ಓಣಿಯ ನೆಲಕ್ಕೆಲ್ಲ ಚೆನ್ನಾಗಿ ಬೀಳುವಂತೆ ಸೂರ್ಯನನ್ನು ತಿರುಗಿಸಿಕೊಂಡೆ. ಗೋಡೆಗಳು ತೀರ ಸ್ವಚ್ಛವಾಗಿ ಕಂಡದ್ದರಿಂದ ಕೊಳೆಯ ಚಿತ್ರವಿರುವ, ಮೈಗೆ ಹೊದಿಸುವ ಒಂದು ಟೆಕ್ಸ್‌ಚರನ್ನು ಇಳಿಸಿಕೊಂಡು ಎಲ್ಲ ಗೋಡೆಗಳಿಗೂ ಸಮನಾಗಿ ಲೇಪಿಸಿದೆ. ನೋಡುವವನ ಕಣ್ಣಿನ ಎತ್ತರ ಎಂದು ಕ್ಯಾಮೆರಾವನ್ನು 1.6ಕ್ಕೆ ಇಟ್ಟಿದ್ದೇನೆ.

ಇಷ್ಟಾದ ಮೇಲೂ ಅದು ಮದುವೆ ಮಂಟಪದ ಹಿಂದೆ ಥರ್ಮೋಕೋಲಿನಲ್ಲಿ ಕಟ್ಟಿದ ಓಣಿಯಂತೆಯೇ ಇದೆ. ಗೆಳೆಯರು ನೋಡಿ, “ಚಂದ ಐತಿ, ಆದರ ಓಣಿ ಅನಿಸವಲ್ದು” ಎಂದರು. ಎಲ್ಲಿ ತಪ್ಪಿದೆ ಎಂದು ಅವರಿಗೂ ಹೇಳಲಾಗಲಿಲ್ಲ. ಇನ್ನೂ ಹೆಚ್ಚಿನ ರೆಸಲ್ಯೂಷನ್ನಿನ ಟೆಕ್ಸ್‌ಚರುಗಳು ಬೇಕೇ, ಅಥವಾ ಹೆಚ್ಚು ಶಕ್ತಿಯ ಕಂಪ್ಯೂಟರ್ ಬೇಕೇ? ಖರ್ಚು ಮಾಡುವ ಮೊದಲು ತಿಳಿದವರನ್ನು ಕೇಳೋಣ ಎಂದು ಬರೆಯುತ್ತಿದ್ದೇನೆ.

ಬೆಳಕಿನ ಕೆಲಸ, ಗದಗ

ನಕ್ಷೆಗಾರ ಸರ್, ಖರ್ಚು ಮಾಡಬೇಡಿ. ನಾನು ಮೂಲತಃ ಗದಗಿನವನು; ಬೆಂಗಳೂರಿನ ಸ್ಟುಡಿಯೋವೊಂದರಲ್ಲಿ ಲೈಟಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನೀವು ಬರೆದದ್ದನ್ನು ಓದಿದರೆ ಟೆಕ್ಸ್‌ಚರಿನ ಹತ್ತಿರ ಹೋಗುವ ಮೊದಲೇ ಮೂರು ನಾಲ್ಕು ತಪ್ಪುಗಳು ಕಾಣುತ್ತವೆ.

ಮೊದಲು ಎಲ್ಲ ಬಣ್ಣಗಳನ್ನೂ ತೆಗೆದುಬಿಡಿ. ವ್ಯೂ ಲೇಯರ್ ವಿಭಾಗದಲ್ಲಿ ಮೆಟೀರಿಯಲ್ ಓವರ್‌ರೈಡ್ ಎಂಬುದಿದೆ. ಅಲ್ಲಿ ಒಂದು ಬೂದು ಬಣ್ಣದ ಮೆಟೀರಿಯಲ್ಲನ್ನು ಕೊಟ್ಟರೆ ಇಡೀ ಓಣಿ ಹಸಿ ಮಣ್ಣಿನಲ್ಲಿ ಮಾಡಿದಂತೆ ಕಾಣುತ್ತದೆ. ಆ ಸ್ಥಿತಿಯಲ್ಲಿ ಅದು ಓಣಿಯಂತೆ ಕಾಣದಿದ್ದರೆ ಎಂಥ ಟೆಕ್ಸ್‌ಚರ್ ಹೊದಿಸಿದರೂ ಕಾಣುವುದಿಲ್ಲ. ನನ್ನ ಊಹೆಯಂತೆ ನಿಮ್ಮದು ಅಲ್ಲಿಯೇ ಸೋಲುತ್ತದೆ, ಏಕೆಂದರೆ ನಿಮ್ಮ ಸೂರ್ಯ ತಪ್ಪು ಜಾಗದಲ್ಲಿದ್ದಾನೆ.

ಹುಬ್ಬಳ್ಳಿಯು ಹೆಚ್ಚುಕಡಿಮೆ 15.4 ಡಿಗ್ರಿ ಉತ್ತರ ಅಕ್ಷಾಂಶ, 75.1 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ನಮ್ಮ ಗಡಿಯಾರಗಳು ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಹೀಗಾಗಿ ಹುಬ್ಬಳ್ಳಿಯ ಸೂರ್ಯ ಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ ಹಿಂದಿರುತ್ತಾನೆ, ಜನವರಿಯ ನಡುಭಾಗದಲ್ಲಿ ಇನ್ನೂ ಹತ್ತು ನಿಮಿಷ ಹಿಂದೆ ಬೀಳುತ್ತಾನೆ. ಅಂದರೆ ನಿಮ್ಮ ಒಂಬತ್ತು ಗಂಟೆ ಸೂರ್ಯನಿಗೆ ಎಂಟು ಇಪ್ಪತ್ತು. ಜನವರಿ 20ರ ಸುಮಾರಿಗೆ ಆ ಹೊತ್ತಿನಲ್ಲಿ ಅವನು ದಿಗಂತದಿಂದ 25 ಡಿಗ್ರಿ ಮೇಲೆ, ಪೂರ್ವದಿಂದ 30 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದು ನಿಂತಿರುತ್ತಾನೆ. ಈಗ ನಿಮ್ಮ ಅಳತೆಗಳನ್ನೇ ಹಾಕಿ ನೋಡಿ. ಪೂರ್ವ ಬದಿಯ 20 ಅಡಿಯ ಗೋಡೆಯ ನೆರಳು 13 ಅಡಿಯ ಓಣಿಯನ್ನು ದಾಟಿ, ಪಶ್ಚಿಮದ ಗೋಡೆಯ ಮೇಲೆ ಸುಮಾರು 13 ಅಡಿಯ ಎತ್ತರದವರೆಗೆ ಏರಿರುತ್ತದೆ. ಅದರ ಮೇಲಿನ ಏಳು ಅಡಿಗೆ ಮಾತ್ರ ಬಿಸಿಲು. ಓಣಿಯ ನೆಲಕ್ಕೆ, ಕಟ್ಟೆಗಳಿಗೆ, ಆಟೋದ ಮೇಲೆ ನೇರ ಬಿಸಿಲು ಬೀಳುವುದೇ ಇಲ್ಲ. ಬಿದ್ದರೆ ಯಾವುದೋ ಹಾಳುಬಿದ್ದ ಮನೆಯ ಸಂದಿಯಿಂದ ಒಂದು ಪಟ್ಟಿಯಷ್ಟು ಬೀಳಬೇಕು. ಇದನ್ನು ನೋಡುಗರು ಲೆಕ್ಕ ಹಾಕಿ ಕಂಡುಹಿಡಿಯುವುದಿಲ್ಲ, ಆದರೆ ಇಂತಹ ಓಣಿಯಲ್ಲಿ ಬೆಳೆದವರ ಕಣ್ಣಿಗೆ ಜನವರಿಯ ಬೆಳಗು ಹೇಗಿರುತ್ತದೆಂದು ಗೊತ್ತಿರುತ್ತದೆ. ನಿಮ್ಮ ಗೆಳೆಯರು ಹೇಳಲಾಗದೆ ಹೋದದ್ದು ಬಹುಶಃ ಇದನ್ನೇ.

ಇಂತಹ ಓಣಿಯಲ್ಲಿ ಕೆಳಗಿರುವ ವಸ್ತುಗಳಿಗೆ ಬೆಳಕು ಬರುವುದು ಎರಡೇ ಕಡೆಯಿಂದ: ಮೇಲಿನ ಆಕಾಶದ ಪಟ್ಟಿಯಿಂದ ತಣ್ಣನೆಯ ನೀಲಿ ಬೆಳಕು, ಬಿಸಿಲು ಬಿದ್ದ ಪಶ್ಚಿಮದ ಗೋಡೆಯ ಮೇಲ್ಭಾಗದಿಂದ ಪುಟಿದು ಬರುವ ಬೆಚ್ಚಗಿನ ಬೆಳಕು. ಆ ಎರಡನೆಯದನ್ನು ನೀವು ಬೌನ್ಸ್ 1ಕ್ಕೆ ಇಳಿಸಿ ಅರ್ಧಕ್ಕರ್ಧ ಕೊಂದಿದ್ದೀರಿ, ಆಮೇಲೆ ಅದರ ಜಾಗದಲ್ಲಿ ಏರಿಯಾ ಲೈಟುಗಳನ್ನು ತಂದಿದ್ದೀರಿ. ಮೂರನ್ನೂ ಅಳಿಸಿ. ಡಿಫ್ಯೂಸ್ ಬೌನ್ಸನ್ನು ಮೊದಲಿನಂತೆ 4ಕ್ಕೆ ತನ್ನಿ. ಸೂರ್ಯನಿಗೂ ಆಕಾಶಕ್ಕೂ ಪ್ರತ್ಯೇಕ ದೀಪಗಳನ್ನು ಇಡುವ ಬದಲು ಬ್ಲೆಂಡರಿನಲ್ಲಿ ಆಕಾಶ, ಸೂರ್ಯ ಎರಡನ್ನೂ ಒಟ್ಟಿಗೆ ಕೊಡುವ ಸ್ಕೈ ಟೆಕ್ಸ್‌ಚರನ್ನು ಬಳಸಿ, ಅದರಲ್ಲಿ ಸೂರ್ಯನ ಎತ್ತರವನ್ನು 25 ಡಿಗ್ರಿ ಎಂದು ಕೊಟ್ಟರೆ ಬಿಸಿಲಿಗೂ ನೆರಳಿಗೂ ಇರುವ ಪ್ರಮಾಣ ತಾನಾಗಿ ಸರಿಹೋಗುತ್ತದೆ. ಅದನ್ನು ಹಾಕಿದೊಡನೆ ಚಿತ್ರವೆಲ್ಲ ಬೆಳ್ಳಗೆ ಸುಟ್ಟುಹೋಗುತ್ತದೆ; ಗಾಬರಿಯಾಗಿ ಆಕಾಶದ ಶಕ್ತಿಯನ್ನು ತಿದ್ದುತ್ತ ಕೂರಬೇಡಿ, ಕ್ಯಾಮೆರಾ ಬೆಳಕು ಹಿಡಿಯುವ ಪ್ರಮಾಣವಾದ ಎಕ್ಸ್‌ಪೋಷರನ್ನು ಇಳಿಸಿ. ನಿಜವಾದ ನಡುಹಗಲಿನ ಬಿಸಿಲು ಬೆಳಕಿನ ಅಳತೆಯಲ್ಲಿ ಸುಮಾರು 1 ಲಕ್ಷ ಲಕ್ಸ್ ಇದ್ದರೆ ತೆರೆದ ನೆರಳು 10ರಿಂದ 20 ಸಾವಿರದಷ್ಟಿರುತ್ತದೆ. ಕ್ಯಾಮೆರಾದವರ ಲೆಕ್ಕದಲ್ಲಿ ಅದು ಎರಡರಿಂದ ಮೂರು ಸ್ಟಾಪುಗಳ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಅಂತರ. ಬೆಳಗಿನ ಓಣಿಯ ತಳದಲ್ಲಿ ಆಕಾಶ ಕಾಣುವುದೇ ಕಡಿಮೆಯಾದ್ದರಿಂದ ಅಂತರ ಇನ್ನೂ ಹೆಚ್ಚಿರುತ್ತದೆ. ನೆರಳಿಗೆ ಎಕ್ಸ್‌ಪೋಷರ್ ಹೊಂದಿಸಿದರೆ ಮೇಲಿನ ಬಿಸಿಲು ಗೋಡೆ ಬೆಳ್ಳಗಾಗುತ್ತದೆ, ಆಗಲಿ ಬಿಡಿ. ವ್ಯೂ ಟ್ರಾನ್ಸ್‌ಫಾರ್ಮ್ ‘ಸ್ಟ್ಯಾಂಡರ್ಡ್’ ಎಂದಿದ್ದರೆ ಅದನ್ನು (ಲೆಕ್ಕದ ಬೆಳಕನ್ನು ಪರದೆಯ ಬಣ್ಣಕ್ಕೆ ತರುವ ಆಯ್ಕೆಯನ್ನು) ಎಜಿಎಕ್ಸ್ ಮಾಡಿಕೊಳ್ಳಿ. 2023ರ ನವೆಂಬರಿನಲ್ಲಿ ಬಂದ ಬ್ಲೆಂಡರ್ 4.0ರಿಂದ ಅದೇ ತಾನಾಗಿ ಬರುವ ಆಯ್ಕೆಯಾಗಿದೆ. ಬಿಳುಪಿನ ಕಡೆಗೆ ಅದು ಮೆಲ್ಲಗೆ ಸಾಗುತ್ತದೆ, ಥಟ್ಟನೆ ಕತ್ತರಿಸುವುದಿಲ್ಲ.

ಬಣ್ಣಗಳ ಬಗ್ಗೆ ಒಂದು ಮಾತು. ಸುಣ್ಣದ ಗೋಡೆಗೆ ನೀವು 1.0ರ ಶುಭ್ರ ಬಿಳಿಯನ್ನು, ಡಾಂಬರಿಗೆ 0ಯ ಕಪ್ಪನ್ನು ಕೊಟ್ಟಿರುವ ಸಾಧ್ಯತೆ ಹೆಚ್ಚು. ಹೊಸ ಸುಣ್ಣವೂ ಬಿದ್ದ ಬೆಳಕಿನ ಶೇ. 80ರಷ್ಟನ್ನು ಹಿಂದಕ್ಕೆ ಕೊಟ್ಟರೆ ಹೆಚ್ಚು. ಹಳೆಯದು ಇನ್ನೂ ಕಡಿಮೆ. ಹೊಸ ಡಾಂಬರು ಶೇ. 5ರ ಹತ್ತಿರ ಇರುತ್ತದೆ, ತುಳಿದು ತುಳಿದು ಬೆಳ್ಳಗಾದದ್ದು ಶೇ. 10 ಅಥವಾ 12. ಬ್ಲೆಂಡರಿನ ಆರ್‌ಜಿಬಿ ಅಂಕಿಗಳು ಲೀನಿಯರ್ (ಬೆಳಕಿನ ಪ್ರಮಾಣಕ್ಕೆ ನೇರವಾಗಿ ಹೊಂದುವಂಥವು) ಆಗಿರುವುದರಿಂದ 0.05, 0.12, 0.8 ಎಂದು ನೇರವಾಗಿ ಬರೆಯಬಹುದು. ಫೋಟೋ ತಂತ್ರಾಂಶದ 255ರ ಲೆಕ್ಕದಲ್ಲಿ ಅವು ಕ್ರಮವಾಗಿ 63, 97, 231 ಆಗುತ್ತವೆ. ಜೊತೆಗೆ ರಫ್‌ನೆಸ್ (ಮೈಯ ಒರಟುತನ) ಮತ್ತು ನಾರ್ಮಲ್ (ಮೈಯ ಉಬ್ಬುತಗ್ಗು) ಚಿತ್ರಗಳ ಕಲರ್ ಸ್ಪೇಸ್ ‘ನಾನ್-ಕಲರ್’ ಎಂದಿದೆಯೇ ನೋಡಿ. ಪ್ಲಾಸ್ಟಿಕ್ಕಿನ ಹೊಳಪು ಬರುವ ಹತ್ತು ಕಡೆಗಳಲ್ಲಿ ಐದು ಕಡೆ ಕಾರಣ ಇದೇ ಆಗಿರುತ್ತದೆ.

ಕೊನೆಯದಾಗಿ ಒಂದು ಪ್ರಶ್ನೆ. ಬ್ಲೆಂಡರಿನ ಒಳಗೆ ನಿಮ್ಮ ಒಂದು ಮನೆಯ ಬಾಗಿಲನ್ನು ಆಯ್ದು ಅದರ ಎತ್ತರ ಎಷ್ಟೆಂದು ನೋಡಿ ತಿಳಿಸಿ. ಅಳತೆಗಳನ್ನೆಲ್ಲ ಅಡಿಯಲ್ಲಿ ಹೇಳಿದ್ದೀರಿ, ಅದಕ್ಕೆ ನನಗೊಂದು ಸಂಶಯವಿದೆ.

ಫೋಟೋಗ್ರಾಫರ್, ಹುಬ್ಬಳ್ಳಿ

ಇಷ್ಟೆಲ್ಲ ಏಕೆ? ಹಳೇಹುಬ್ಬಳ್ಳಿಯಲ್ಲಿ ಇಂದಿಗೂ ಅಂತಹ ಗೋಡೆಗಳಿವೆ. ಮೋಡ ಕವಿದ ದಿನ ಹೋಗಿ, ಒಂದು ಚಿತ್ರ ಇನ್ನೊಂದರ ಮೇಲೆ ಶೇ. 70ರಷ್ಟು ಹೊಂದುವಂತೆ ಒಂದು ಗೋಡೆಯ ನೂರು ಫೋಟೋ ತೆಗೆದು, ಫೋಟೋಗ್ರಾಮೆಟ್ರಿ (ಫೋಟೋಗಳಿಂದ ಮೂರು ಆಯಾಮದ ಮಾದರಿ ಕಟ್ಟುವುದು) ಮಾಡಿದರೆ ಗೋಡೆಯೇ ಕಂಪ್ಯೂಟರಿಗೆ ಬರುತ್ತದೆ. ಕೊಳೆಯನ್ನು ಕೈಯಿಂದ ಬಳಿಯುವುದಕ್ಕಿಂತ ಅದು ವಾಸಿ. ಬಿಸಿಲಿನಲ್ಲಿ ಮಾತ್ರ ತೆಗೆಯಬೇಡಿ. ಗೋಡೆಯ ಮೇಲಿನ ನೆರಳು ಬಣ್ಣದೊಳಗೆ ಸೇರಿಕೊಂಡುಬಿಟ್ಟರೆ ಮತ್ತೆ ತೆಗೆಯುವುದು ಕಷ್ಟ.

ಗಿಲಾವು, ಧಾರವಾಡ

ಫೋಟೋಗ್ರಾಫರ್ ಅವರ ಸಲಹೆ ಒಂದು ಗೋಡೆಗೆ ಸರಿ. ಹನ್ನೆರಡು ಮನೆಗಳಿಗೆ ಹನ್ನೆರಡು ಗೋಡೆಗಳನ್ನು ತಂದರೂ, ಒಂದೊಂದರ ಕಲೆಯೂ ಬೇರೊಂದು ಓಣಿಯ ಬೇರೊಂದು ದಿಕ್ಕಿನದಾಗಿರುತ್ತದೆ. ನಾನು ಕಂಪ್ಯೂಟರಿನವನಲ್ಲ. ತಂದೆ ಗೌಂಡಿ, ನಾನು ಕಟ್ಟಡದ ಸೈಟುಗಳಲ್ಲಿ ಮೇಲ್ವಿಚಾರಕ. ಮಗ ಈ ಬ್ಲೆಂಡರ್ ಕಲಿಯುತ್ತಿರುವುದರಿಂದ ಇಲ್ಲಿ ಓದುತ್ತಿರುತ್ತೇನೆ. ಎಲ್ಲ ಗೋಡೆಗೂ ಸಮನಾಗಿ ಕೊಳೆ ಲೇಪಿಸಿದೆ ಎಂದು ನಕ್ಷೆಗಾರರು ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ಗೋಡೆ ಎಂದೂ ಸಮನಾಗಿ ಕೊಳೆಯಾಗುವುದಿಲ್ಲ.

ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಮೊದಲು ನೋಡಬೇಕು. ನಮ್ಮ ಭಾಗಕ್ಕೆ ಮುಂಗಾರು ಬರುವುದು ಪಡುವಣದಿಂದ. ನಿಮ್ಮ ದಕ್ಷಿಣೋತ್ತರದ ಓಣಿಯಲ್ಲಿ ಪಡುವಣಕ್ಕೆ ಮುಖ ಮಾಡಿರುವುದು ಪೂರ್ವ ಬದಿಯ ಮನೆಗಳು. ಎರಚಲು ಹೊಡೆಯುವುದು ಅವುಗಳಿಗೆ. ಅದೂ ಮೇಲಿನ ಭಾಗಕ್ಕೆ, ಏಕೆಂದರೆ ಕೆಳಭಾಗಕ್ಕೆ ಎದುರು ಮನೆಯ ಮರೆಯಿರುತ್ತದೆ. ಆದ್ದರಿಂದ ಆ ಸಾಲಿನ ಗೋಡೆಗಳ ತಲೆಯ ಭಾಗ ಕಪ್ಪಾಗಿ ಪಾಚಿಯ ಗೆರೆಗಳು ಇಳಿದಿರಬೇಕು, ಎದುರು ಸಾಲಿನವು ಅಷ್ಟು ಕಪ್ಪಾಗಿರಬಾರದು. ಹಂಚಿನ ಸೂರು ಮುಂದೆ ಚಾಚಿದ ಮನೆಯಲ್ಲಿ ಸೂರಿನ ಕೆಳಗಿನ ಎರಡು ಅಡಿ ಒಣಗಿಯೇ ಇರುತ್ತದೆ. ಅಲ್ಲಿ ಹಳೆಯ ಸುಣ್ಣದ ಬಣ್ಣ ಉಳಿದಿರುತ್ತದೆ. ಮಾಳಿಗೆ ಮನೆಗೆ ಸೂರಿಲ್ಲ, ನೀರು ಹೋಗಲು ಒಂದು ದೋಣಿ ಇರುತ್ತದೆ. ದೋಣಿಯ ಕೆಳಗೆ ಗೋಡೆಯ ಮೇಲೆ ಮೇಲಿನಿಂದ ನೆಲದವರೆಗೆ ಒಂದು ಅಗಲವಾದ ಪಟ್ಟೆ ಇದ್ದೇ ಇರುತ್ತದೆ, ಅದರ ಬುಡದಲ್ಲಿ ಗಿಲಾವು (ಪ್ಲಾಸ್ಟರ್) ಉದುರಿರುತ್ತದೆ.

ನೆಲದಿಂದ ಒಂದು, ಒಂದೂವರೆ ಅಡಿಯವರೆಗೆ ಸಿಡಿದ ಕೆಸರಿನ ಬಣ್ಣ ಬೇಕು. ಆ ಬಣ್ಣ ಯಾವುದು ಎಂಬುದು ಊರಿನ ಮೇಲೆ ನಿಂತಿದೆ. ಹುಬ್ಬಳ್ಳಿಯಿಂದ ಮೂಡಣಕ್ಕೆ ನವಲಗುಂದದ ಕಡೆ ಕಪ್ಪು ಎರೆ ನೆಲ, ಪಡುವಣಕ್ಕೆ ಕಲಘಟಗಿಯ ಕಡೆ ಕೆಂಪು ಮಸಾರಿ. ಊರೊಳಗಿನ ಧೂಳು ಎರಡೂ ಕಲಸಿದ ಬೂದುಗಂದು. ಇಳಿಸಿಕೊಂಡ ಟೆಕ್ಸ್‌ಚರುಗಳಲ್ಲಿ ಬರುವ ಕೆಂಗೆಂಪು ಧೂಳನ್ನು ಹಾಕಿದರೆ ನೋಡಿದವರಿಗೆ ಅದು ಬೇರಾವುದೋ ಊರೆನಿಸುತ್ತದೆ. ನನ್ನ ಮಗ ಇದೇ ತಪ್ಪು ಮಾಡಿದ್ದ. ಹೊರಗೆ ಹೋಗಿ ಸ್ಕೂಟರಿನ ಸೀಟಿನ ಮೇಲೆ ಬೆರಳಾಡಿಸಿ ಬಾ ಎಂದೆ.

ನೀರಾದ ಮೇಲೆ ಕೈಯಿ, ಕಾಲು. ಬಾಗಿಲ ಚೌಕಟ್ಟಿನಲ್ಲಿ ಎದೆಯ ಎತ್ತರಕ್ಕೆ, ಒಂದೇ ಬದಿಗೆ, ಎಣ್ಣೆಗೈಯ ಕಪ್ಪು ಕೂತಿರುತ್ತದೆ; ಮನೆಯವರು ಚಪ್ಪಲಿ ಹಾಕಿಕೊಳ್ಳುವಾಗ ಹಿಡಿಯುವ ಬದಿ ಅದು. ಕಟ್ಟೆಯ ಅಂಚು ಜನ ಕೂತು ಕೂತು ನಡುವೆ ನುಣುಪಾಗಿ, ಎರಡು ತುದಿಗಳಲ್ಲಿ ಒರಟಾಗಿ ಉಳಿದಿರುತ್ತದೆ. ಕಟ್ಟೆಯ ಮೇಲಿನ ಗೋಡೆಯಲ್ಲಿ, ಕೂತವರ ತಲೆ ತಾಗುವ ಎತ್ತರಕ್ಕೆ, ಕೊಬ್ಬರಿ ಎಣ್ಣೆಯ ಕಲೆಗಳಿರುತ್ತವೆ. ಸೈಕಲ್ ಒರಗಿಸುವ ಕಡೆ ಗೋಡೆಗೆ ಹ್ಯಾಂಡಲಿನ ಗೀರುಗಳು. ಮೆಟ್ಟಿಲಿನ ಮೂಲೆಯಲ್ಲಿ ಎಲೆಯಡಿಕೆ ಉಗುಳಿದ ಕೆಂಪು. ಇವು ಯಾವುವೂ ಇಡೀ ಗೋಡೆಗೆ ಹರಡುವುದಿಲ್ಲ.

ಗೆರೆಗಳ ಬಗ್ಗೆಯೂ ಹೇಳಬೇಕು. ನೀವು ನಕ್ಷೆಯ ತಂತ್ರಾಂಶದಲ್ಲಿ ಬರೆದಿದ್ದೀರಿ, ಆದ್ದರಿಂದ ಎಲ್ಲ ಮೂಲೆಗಳೂ ಬ್ಲೇಡಿನಂತಿರುತ್ತವೆ. ತೂಗುಗುಂಡು ಹಿಡಿದು ಕಟ್ಟಿದ ಗೋಡೆಯೂ ನೂರು ವರ್ಷದಲ್ಲಿ ಹೊರಗೆ ಒಂದೆರಡು ಇಂಚು ಹೊಟ್ಟೆ ಬಿಟ್ಟಿರುತ್ತದೆ. ಮಣ್ಣಿನ ಗೋಡೆಯ ಮೂಲೆ ಹೆಬ್ಬೆರಳಿನಷ್ಟು ದುಂಡಗಾಗಿರುತ್ತದೆ. ಸಿಮೆಂಟ್ ಗಿಲಾವಿನ ಮೂಲೆ ಸಣ್ಣದಾಗಿ, ಅಲ್ಲಲ್ಲಿ ಚಕ್ಕೆ ಎದ್ದು, ದುಂಡಗಾಗಿರುತ್ತದೆ. ದುಂಡಗಾದ ಮೂಲೆಯ ಮೇಲೆ ಬೆಳಕಿನ ಒಂದು ಎಳೆ ಕೂರುತ್ತದೆ; ಅದಿಲ್ಲದಿದ್ದರೆ ಗೋಡೆ ರಟ್ಟಿನಂತೆ ಕಾಣುತ್ತದೆ. ಹಂಚುಗಳಿಗೂ ಇದೇ ಮಾತು. ಮನೆಯವರೇ ಮಳೆಗಾಲದ ಮೊದಲು ಏರಿ ಹಂಚು ಸರಿಪಡಿಸುತ್ತಾರೆ. ಒಂದು ಸಾಲು ಹೊಸದು, ಒಂದು ಓರೆ, ಎರಡು ಒಡೆದು ಅವುಗಳ ಮೇಲೆ ತಗಡಿನ ತುಂಡು, ತಗಡಿನ ಮೇಲೆ ಕಲ್ಲು. ಕಂಪ್ಯೂಟರಿನಲ್ಲಿ ಒಂದೊಂದು ಹಂಚಿಗೂ ಒಂದೆರಡು ಡಿಗ್ರಿ ಓರೆ ಕೊಡಲು ಸಾಧ್ಯ ಎಂದು ಮಗ ಹೇಳುತ್ತಾನೆ. ಕೊಡಿ.

ಇನ್ನೊಂದು. ಒಂಬತ್ತು ಗಂಟೆ ಎಂದಿರಿ. ಅಷ್ಟು ಹೊತ್ತಿಗೆ ಪ್ರತಿ ಮನೆಯ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಿ ಎರಡು ತಾಸಾಗಿರುತ್ತದೆ. ನೆಲ ಅರ್ಧ ಒಣಗಿರುತ್ತದೆ: ತಗ್ಗಿನಲ್ಲಿ ಇನ್ನೂ ಕಪ್ಪು, ಉಬ್ಬಿನಲ್ಲಿ ಬಿಳುಪು. ಒದ್ದೆ ನೆಲ ಬಣ್ಣದಲ್ಲಿ ಕಪ್ಪಾಗುತ್ತದೆ, ಜೊತೆಗೆ ಸ್ವಲ್ಪ ಹೊಳೆಯುತ್ತದೆ. ಎರಡೂ ಸೇರಿದರೆ ಮಾತ್ರ ಒದ್ದೆ, ಬರೀ ಹೊಳಪು ಕೊಟ್ಟರೆ ಎಣ್ಣೆ ಚೆಲ್ಲಿದಂತೆ ಕಾಣುತ್ತದೆ. ನೀರು ಬಿಡುವ ದಿನಕ್ಕಾಗಿ ಕಟ್ಟೆಯ ಬದಿಗೆ ಕೊಡ, ಬ್ಯಾರಲ್ಲುಗಳನ್ನೂ ಇಡಿ. ಹುಬ್ಬಳ್ಳಿಯ ಓಣಿಯಲ್ಲಿ ಅವಿಲ್ಲದಿದ್ದರೆ ಹೇಗೆ?

ಹಳೇ ಬೋರ್ಡು, ಹಾವೇರಿ

ಎರಡು ಮಾತು, ಬೋರ್ಡುಗಳ ಬಗ್ಗೆ ಮಾತ್ರ. ಇಪ್ಪತ್ತು ವರ್ಷ ಕುಂಚ ಹಿಡಿದು ಬೋರ್ಡು ಬರೆದು, ಈಗ ಕಂಪ್ಯೂಟರಿನಲ್ಲಿ ಫ್ಲೆಕ್ಸ್ ಮಾಡುವವನು ನಾನು.

1995 ಎಂದ ಮೇಲೆ ನಿಮ್ಮ ಓಣಿಯಲ್ಲಿ ಫ್ಲೆಕ್ಸ್ ಇರಕೂಡದು. ತಗಡಿನ ಮೇಲೆ ಎನಾಮಲ್ ಬಣ್ಣ, ಇಲ್ಲವೇ ನೇರವಾಗಿ ಗೋಡೆಯ ಮೇಲೆ ಬರಹ. ದಾರಕ್ಕೆ ಸುಣ್ಣದ ಪುಡಿ ಹಚ್ಚಿ ಗೆರೆ ಹೊಡೆದು ಬರೆಯುತ್ತಿದ್ದೆವು. ಆದರೂ ಮೊದಲ ಅಕ್ಷರಗಳು ವಿಶಾಲವಾಗಿ, ಕೊನೆಯವು ಜಾಗ ಸಾಲದೆ ಇಕ್ಕಟ್ಟಾಗಿ ಬರುತ್ತಿದ್ದವು. ಕೆಂಪು ಬಣ್ಣ ಎಲ್ಲಕ್ಕಿಂತ ಮೊದಲು ಬಿಳಿಚಿಕೊಳ್ಳುತ್ತಿತ್ತು, ಕಪ್ಪು ಉಳಿಯುತ್ತಿತ್ತು. ಮೊಳೆ ಹೊಡೆದ ಜಾಗದಿಂದ ತುಕ್ಕು ಕೆಳಗೆ ಇಳಿದಿರುತ್ತಿತ್ತು.

ಬರೆದ ಮಾತಿನಲ್ಲಿಯೂ ಎಚ್ಚರವಿರಲಿ. ಇಂಗ್ಲಿಷಿನಲ್ಲಿ ಊರಿನ ಹೆಸರು ‘ಹುಬ್ಳಿ’ ಎಂದೇ ಇತ್ತು; ಹುಬ್ಬಳ್ಳಿ ಎಂಬ ಉಚ್ಚಾರಣೆಗೆ ತಕ್ಕ ಇಂಗ್ಲಿಷ್ ಕಾಗುಣಿತ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಗದಗ, ಹಾವೇರಿ ಜಿಲ್ಲೆಗಳು ಆದದ್ದು 1997ರಲ್ಲಿ, ಆದ್ದರಿಂದ ಯಾವ ವಿಳಾಸದಲ್ಲಿಯೂ ‘ಜಿಲ್ಲೆ ಗದಗ’ ಎಂದು ಬರೆಯಬೇಡಿ. ಆಗ ಎಲ್ಲವೂ ಧಾರವಾಡ ಜಿಲ್ಲೆಯೇ. ಓಣಿಯ ತುದಿಯಲ್ಲಿ ಬಸ್ಸೊಂದು ದಾಟಿ ಹೋಗುವುದಿದ್ದರೆ ಅದರ ಮೇಲೆ ವಾಯವ್ಯ ಸಾರಿಗೆಯ ಹೆಸರಿರಬಾರದು, ಆ ಸಂಸ್ಥೆಯೂ 1997ರದು. ಭಾರತದಲ್ಲಿ ಮೊಬೈಲ್ ಸೇವೆ ಶುರುವಾದದ್ದೇ 1995ರ ಜುಲೈ ಕೊನೆಯಲ್ಲಿ, ಹೀಗಾಗಿ ಹತ್ತಂಕಿಯ ಫೋನ್ ನಂಬರೂ ಬೇಡ.

ಬ್ಲೆಂಡರಿನೊಳಗೇ ಕನ್ನಡ ಟೈಪ್ ಮಾಡಿದಾಗ ನನಗೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಂದವು. ‘ಹುಬ್ಬಳ್ಳಿ’ಯ ಎರಡೂ ಒತ್ತುಗಳು ಮುರಿದವು, ‘ದುರ್ಗದಬೈಲ್’ನ ಅರ್ಕಾವತ್ತು ತಪ್ಪಿತು. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದು, ಅಕ್ಷರಗಳನ್ನು ಪಾತ್ (ಬರಿಯ ಗೆರೆಗಳ ಆಕಾರ) ಆಗಿ ಬದಲಿಸಿ, ಎಸ್‌ವಿಜಿ ಕಡತವಾಗಿ ಉಳಿಸಿ ಬ್ಲೆಂಡರಿಗೆ ತಂದರೆ ಸರಿಯಾಗಿ ಬರುತ್ತದೆ. ಪಾತ್ ಆದ ಮೇಲೆ ಒಂದೊಂದು ಅಕ್ಷರದ ಅಂಚನ್ನೂ ಸ್ವಲ್ಪ ಅಲುಗಿಸಿ. ಒಂದು ಬೋರ್ಡಿನಲ್ಲಿ ‘ಅ’ ನಾಲ್ಕು ಸಲ ಬಂದರೆ ನಾಲ್ಕೂ ಒಂದೇ ಅಚ್ಚಿನಂತಿರಬಾರದು. ನಮ್ಮ ಕೈಯಿಂದ ಎಂದೂ ಹಾಗೆ ಬಂದಿಲ್ಲ.

ನಕ್ಷೆಗಾರ, ಹುಬ್ಬಳ್ಳಿ

ಎಲ್ಲರಿಗೂ ಕೃತಜ್ಞತೆಗಳು. ಹನ್ನೆರಡು ದಿನಗಳ ಕೆಲಸದ ಬಳಿಕ ಮರಳಿ ಬರೆಯುತ್ತಿದ್ದೇನೆ.

ಗದಗಿನ ಸರ್ ಕೇಳಿದ ಬಾಗಿಲಿನ ಎತ್ತರವನ್ನು ಅಂದೇ ನೋಡಿದೆ. 7 ಮೀಟರ್ ಎಂದು ತೋರಿಸಿತು. ಏಳು ಅಡಿಯ ಬಾಗಿಲು ಬ್ಲೆಂಡರಿನಲ್ಲಿ ಏಳು ಮೀಟರಾಗಿ ಕೂತಿತ್ತು, ಅಂದರೆ ಇಡೀ ಓಣಿ 3.28 ಪಟ್ಟು ದೊಡ್ಡದು. ಇಳಿಸಿಕೊಂಡ ಆಟೋ ಮಾತ್ರ ನಿಜವಾದ ಅಳತೆಯದ್ದಾಗಿತ್ತು. ತಂದಾಗ ಅದು ಬಾಗಿಲ ಮುಂದೆ ಆಟಿಕೆಯಂತೆ ಕಂಡದ್ದಕ್ಕೆ ಅದನ್ನೇ ಕಣ್ಣಳತೆಯಲ್ಲಿ ಮೂರು ಪಟ್ಟು ಹಿಗ್ಗಿಸಿದ್ದೆ. ತಪ್ಪು ಯಾವುದರಲ್ಲಿದೆ ಎಂದು ಆಗಲೇ ಯೋಚಿಸಬೇಕಿತ್ತು. ನಾನು 1.6ಕ್ಕೆ ಇಟ್ಟಿದ್ದ ಕ್ಯಾಮೆರಾ ಆ ಓಣಿಯ ಲೆಕ್ಕದಲ್ಲಿ ನೆಲದಿಂದ 1.6 ಅಡಿ ಎತ್ತರದಲ್ಲಿತ್ತು. ಮೂರು ತಿಂಗಳು ನಾನು ಬೀದಿನಾಯಿಯ ಕಣ್ಣಿನಿಂದ ಓಣಿಯನ್ನು ನೋಡುತ್ತಿದ್ದೆ. ಎಲ್ಲವನ್ನೂ 0.3048ರಿಂದ ಗುಣಿಸಿ, ಸ್ಕೇಲನ್ನು ಅಪ್ಲೈ ಮಾಡಿದ ಮೇಲೆ ಮನೆಗಳು ಮೊದಲ ಬಾರಿಗೆ ಮನೆಗಳ ಗಾತ್ರಕ್ಕೆ ಬಂದವು. ಮೂಲೆಗಳಿಗೆ ಕೊಟ್ಟಿದ್ದ ಬೆವೆಲ್ (ದುಂಡಗಿನ ಅಂಚು), ಟೆಕ್ಸ್‌ಚರುಗಳ ಅಳತೆ ಎಲ್ಲವನ್ನೂ ಮತ್ತೆ ಹೊಂದಿಸಬೇಕಾಯಿತು.

ಬೂದು ಬಣ್ಣದ ಪರೀಕ್ಷೆಯನ್ನು ಎರಡು ಸಲ ಮಾಡಿದೆ, ಹಳೆಯ ಸೂರ್ಯನೊಂದಿಗೆ ಒಮ್ಮೆ, 25 ಡಿಗ್ರಿಯಲ್ಲಿ ಒಮ್ಮೆ. ಎರಡನೆಯದನ್ನು ನೋಡಿದ ನನ್ನ ಹೆಂಡತಿ ಯಾವುದೇ ಬಣ್ಣವಿಲ್ಲದಿದ್ದರೂ “ಚಳಿ ಐತೇನು ಅಲ್ಲಿ?” ಎಂದು ಕೇಳಿದಳು. ನೆರಳಿನ ಅಂಚು ಪಶ್ಚಿಮದ ಗೋಡೆಯ ಮೇಲೆ ನೀವು ಹೇಳಿದ ಎತ್ತರಕ್ಕೇ ಬಂದು ನಿಂತಿದೆ. ಏರಿಯಾ ಲೈಟುಗಳನ್ನು ಅಳಿಸಿದ್ದೇನೆ. ಬೌನ್ಸನ್ನು 4ಕ್ಕೆ ತಂದದ್ದರಿಂದ ಒಂದು ಫ್ರೇಮಿಗೆ ಸುಮಾರು 7 ನಿಮಿಷ ಹಿಡಿಯುತ್ತಿದೆ. ನಾಲ್ಕೈದು ರಾತ್ರಿ ಹಗಲು ಕಂಪ್ಯೂಟರ್ ಓಡಲಿ ಎಂದು ಬಿಟ್ಟುಬಿಟ್ಟೆ. ಸ್ಯಾಂಪಲ್ಲುಗಳನ್ನು (ಒಂದೊಂದು ಚುಕ್ಕೆಗೆ ಎಷ್ಟು ಸಲ ಬೆಳಕನ್ನು ಅಳೆಯಬೇಕೆಂಬುದನ್ನು) ತೀರ ಇಳಿಸಿ, ಆಗ ಬರುವ ಕಾಳುಕಾಳನ್ನು ಅಳಿಸುವ ಡಿನಾಯ್ಸ್ ಮಾಡಿ ನೋಡಿದಾಗ ಗೋಡೆಯ ಸಣ್ಣ ಕಲೆಗಳೆಲ್ಲ ಮೇಣ ಮೆತ್ತಿದಂತೆ ಅಳಿಸಿಹೋದವು, ಆದ್ದರಿಂದ ಆ ಉಳಿತಾಯದ ಆಸೆಯನ್ನೂ ಬಿಟ್ಟೆ.

ಹಿನ್ನೆಲೆಯನ್ನು ಮಸುಕು ಮಾಡಿದರೆ ಸಿನಿಮಾದಂತಿರುತ್ತದೆ ಎಂದು ಲೆನ್ಸಿನ ಬಾಯನ್ನು ಅಗಲವಾಗಿ ತೆರೆದು ಎಫ್ 1.4 ಕೊಟ್ಟಿದ್ದೆ, ಅಳತೆ ಸರಿಹೋದ ಮೇಲೆ ಅದೇ ಚಿತ್ರ ಮೇಜಿನ ಮೇಲಿನ ಗೊಂಬೆ ಓಣಿಯಂತೆ ಕಾಣತೊಡಗಿತು. ಈಗ 35 ಮಿಲಿಮೀಟರ್ ಲೆನ್ಸು, ಎಫ್ 8, ಫೋಕಸ್ 5 ಮೀಟರಿಗೆ. ಎರಡೂವರೆ ಮೀಟರಿನಿಂದ ಓಣಿಯ ಕೊನೆಯವರೆಗೆ ಎಲ್ಲವೂ ಸ್ಪಷ್ಟವಾಗಿದೆ, 1995ರಲ್ಲಿ ಯಾರಾದರೂ ನಡೆಯುತ್ತ ಫೋಟೋ ತೆಗೆದಿದ್ದರೆ ಹಾಗೆಯೇ ಬರುತ್ತಿತ್ತು.

ಧಾರವಾಡದ ಅಣ್ಣನವರು ಬರೆದದ್ದನ್ನು ಮುದ್ರಿಸಿಕೊಂಡು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡಿದೆ. ಸಮನಾದ ಕೊಳೆಯನ್ನು ಪೂರ್ತಿ ತೆಗೆದು, ಒಂದೊಂದು ಗೋಡೆಗೂ ಕೊಳೆ ಎಲ್ಲಿರಬೇಕೆಂದು ಹೇಳುವ ಬೇರೆ ಬೇರೆ ಮಾಸ್ಕ್ ಬರೆದಿದ್ದೇನೆ. ಒಂದು ಬೆಳಗ್ಗೆ ಎಂಟೂವರೆಗೆ ನಮ್ಮ ಮನೆಯ ಮುಂದಿನ ಒದ್ದೆ ನೆಲದ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತು ಅದು ಒಣಗುವುದನ್ನು ನೋಡಿದೆ. ನೆರೆಯವರು ಏನೋ ಕಳೆದುಕೊಂಡಿದ್ದಾನೆಂದು ತಾವೂ ಹುಡುಕಲು ಬಂದರು. ಒಣಗುವ ಅಂಚು ನಾನು ಅಂದುಕೊಂಡಂತೆ ಮೆಲ್ಲಗೆ ಬಿಳುಪಾಗುವುದಿಲ್ಲ. ಡಾಂಬರಿನ ಒಂದೊಂದು ಕಡಿಯ (ಜಲ್ಲಿಕಲ್ಲಿನ) ತಲೆ ಮೊದಲು ಒಣಗಿ ಚುಕ್ಕೆ ಚುಕ್ಕೆಯಾಗುತ್ತದೆ, ಕಡಿಗಳ ಸಂದಿಯಲ್ಲಿ ಕಪ್ಪು ಬಹಳ ಹೊತ್ತು ಉಳಿಯುತ್ತದೆ. ನೆಲದ ಉಬ್ಬುತಗ್ಗು ಹೇಳುವ ಡಿಸ್‌ಪ್ಲೇಸ್‌ಮೆಂಟ್ ಚಿತ್ರವನ್ನೇ ಒದ್ದೆಯ ಮಾಸ್ಕಿಗೂ ಬಳಸಿದಾಗ ಅದು ಹಾಗೆಯೇ ಬಂತು.

ಬೋರ್ಡಿನ ವಿಷಯದಲ್ಲಿ ಹಾವೇರಿಯವರು ಹಿಡಿದ ತಪ್ಪುಗಳಲ್ಲಿ ಎರಡು ನನ್ನಲ್ಲಿದ್ದವು: ಕಿರಾಣಿ ಅಂಗಡಿಯ ಮೇಲೆ ಇಂಗ್ಲಿಷಿನಲ್ಲಿ ಹೊಸ ಕಾಗುಣಿತವಿತ್ತು, ಅದರ ಕೆಳಗೆ ಹತ್ತಂಕಿಯ ನಂಬರಿತ್ತು. ಎರಡನ್ನೂ ತೆಗೆದಿದ್ದೇನೆ. ಹೊಸ ಫ್ರೇಮೊಂದನ್ನು ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ ತಪ್ಪುಗಳನ್ನು ಹೇಳಿ.

ಬೆಳಕಿನ ಕೆಲಸ, ಗದಗ

ಬೆಳಕು ಸರಿಯಾಗಿದೆ ಸರ್. ಚಹಾದ ಅಂಗಡಿಯ ಒಳಗೆ ಒಂದು ಬಲ್ಬು ಹಚ್ಚಿ. ನೆರಳಿನ ಓಣಿಯ ನೀಲಿಯ ನಡುವೆ ಆ ಹಳದಿ ಬೇಕು. 60 ವ್ಯಾಟಿನ ಹಳೆಯ ಬಲ್ಬಿನ ಬಣ್ಣ ಸುಮಾರು 2,700 ಕೆಲ್ವಿನ್. ಹೊರಗೆ ಬೆಳಕು ಚೆಲ್ಲುವಷ್ಟು ಪ್ರಖರ ಬೇಡ, ಹಗಲಿನಲ್ಲಿ ಅದು ಒಳಗೇ ಉಳಿಯುತ್ತದೆ.

ಗಿಲಾವು, ಧಾರವಾಡ

ಚಿತ್ರವನ್ನು ಮಗನ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಕಟ್ಟೆ ಚೆನ್ನಾಗಿದೆ, ಕೂರಬೇಕೆನಿಸುತ್ತದೆ. ಎರಡು ಕಡೆ ತಿದ್ದಿ. ಎಡಗಡೆಯ ಮೂರನೆಯ ಮನೆಯ ಕಿಟಕಿಯ ಕೆಳಗೆ ನೀರಿನ ಕಲೆ ಕಿಟಕಿಯ ನಡುವಿನಿಂದ ಇಳಿದಿದೆ. ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಬಿದ್ದ ನೀರು ಎರಡು ತುದಿಗಳಿಗೆ ಹರಿದು ಅಲ್ಲಿಂದ ಇಳಿಯುತ್ತದೆ, ಆದ್ದರಿಂದ ಕಲೆ ಎರಡು ಮೂಲೆಗಳಲ್ಲಿ ಮೀಸೆಯಂತೆ ಇರಬೇಕು. ಇನ್ನು ಬಲಗಡೆ, ಬೀಗ ಹಾಕಿದ ಮನೆಯ ಮುಂದೆಯೂ ರಂಗೋಲಿ ಹಾಕಿದ್ದೀರಿ. ಬೀಗವನ್ನಾದರೂ ತೆಗೆಯಿರಿ, ರಂಗೋಲಿಯನ್ನಾದರೂ ಅಳಿಸಿರಿ.